ಮೇಳವೂ ಗೆಳೆತನವೂ

ಕಳೆದ ವಾರ, ಮೂಡಿಗೆರೆಯ ಜಡಿಮಳೆಯಲ್ಲಿ, ಹಳೆಯ ವಿದ್ಯಾರ್ಥಿಯೊಬ್ಬ ನನ್ನ ಮನೆಗೆ ಬಂದಿದ್ದ. ಕಾಲೇಜಿನ ದಿನಗಳಲ್ಲಿ ಅವನೂ ಅವನ ಮೂವರು ಗೆಳೆಯರೂ ಕಾಫಿತೋಟದ ಹಳೆಯ ಗೋದಾಮೊಂದರಲ್ಲಿ ಗಿಟಾರು, ಡ್ರಮ್ಮುಗಳನ್ನಿಟ್ಟುಕೊಂಡು ಹಾಡು ಕಟ್ಟುತ್ತಿದ್ದರು. ಸುಗ್ಗಿ ಬಂದು ಕಾಫಿಮೂಟೆಗಳು ಒಳಬಂದರೆ ವಾದ್ಯಗಳು ಹೊರಬೀಳುತ್ತಿದ್ದವು. ಆದರೂ ಹಾಡು ಬೆಳೆಯಿತು. ಸುತ್ತಿನ ಊರುಗಳಿಂದ ಕರೆ ಬಂದಿತು. “ತಂಡ ಹೇಗಿದೆಯಪ್ಪಾ?” ಎಂದು ಕೇಳಿದೆ. “ಒಡೆದುಹೋಯಿತು ಸಾರ್” ಎಂದು ತಲೆ ತಗ್ಗಿಸಿದ. ಏನೋ ಅಪರಾಧ ಮಾಡಿದವನ ದನಿ ಅದು. ಆ ದನಿಯೇ ಈ ಬರಹಕ್ಕೆ ಕಾರಣ.

ತಂಡ ಒಡೆಯುವುದನ್ನು ಸೋಲೆಂದು ನಾವೇಕೆ ಬಗೆಯುತ್ತೇವೆ? ನಮ್ಮ ಕಣ್ಣ ಮುಂದಿರುವ ಮಾದರಿ ಯಕ್ಷಗಾನದ ಮೇಳ. ಭಾಗವತರು ಬದಲಾಗುತ್ತಾರೆ, ವೇಷಧಾರಿ ಬೇರೊಂದು ಮೇಳ ಸೇರುತ್ತಾನೆ. ಮೇಳ ಮಾತ್ರ ಮುಂದಿನ ತಿರುಗಾಟಕ್ಕೆ ಗೆಜ್ಜೆ ಕಟ್ಟಿಯೇ ಕಟ್ಟುತ್ತದೆ. ಅದರ ಬೆನ್ನಿಗೆ ಕ್ಷೇತ್ರದ ಹೆಸರಿದೆ, ಹರಕೆಯ ಆಟಗಳಿವೆ, ಎಲ್ಲರಿಗೂ ಸೇರಿದ ಪ್ರಸಂಗಗಳಿವೆ. ಗಿಟಾರಿನ ತಂಡಕ್ಕೆ ಇದಾವುದೂ ಇಲ್ಲ. ಅದು ನಿಂತಿರುವುದು ನಾಲ್ವರ ಗೆಳೆತನದ ಮೇಲೆ. ಹಾಡೂ ಅವರದೇ, ಒಬ್ಬನು ಎದ್ದುಹೋದರೆ ಹಾಡಿನ ಒಂದು ಕಂಬವೇ ಕಳಚುತ್ತದೆ. ಜಗತ್ತನ್ನೇ ಮರುಳುಮಾಡಿದ ಲಿವರ್‌ಪೂಲಿನ ಬೀಟಲ್ಸ್ ತಂಡ 1960ರಲ್ಲಿ ಆ ಹೆಸರು ತಳೆದು 1970ರಲ್ಲಿ ಬೇರ್ಪಟ್ಟಿತು. ಹಣಕ್ಕೂ ಕೀರ್ತಿಗೂ ಕೊರತೆಯಿಲ್ಲದವರಿಗೆ ಲಭಿಸಿದ ಆಯುಸ್ಸೇ ಇಷ್ಟು.

ನಮ್ಮ ನಾಡಿನದೇ ನಿದರ್ಶನವೊಂದಿದೆ. ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರವನ್ನೂ ಭರತನಾಟ್ಯವನ್ನೂ ಕಲಿತ ರಘು ದೀಕ್ಷಿತ್, ಸಹಪಾಠಿಯೊಬ್ಬನ ಪಂತಕ್ಕಾಗಿ ಗಿಟಾರು ಹಿಡಿದವರು. ಪಿಟೀಲುವಾದಕ ಎಚ್.ಎನ್. ಭಾಸ್ಕರ್ ಜೊತೆಗೂಡಿ ಅವರು ಕಟ್ಟಿದ ‘ಅಂತರಾಗ್ನಿ’ ತಂಡ ಜನಪದದ ಸತ್ತ್ವವನ್ನು ವಿದ್ಯುತ್ ಗಿಟಾರಿನ ಅಬ್ಬರಕ್ಕೆ ಹೊಂದಿಸಿತು, ಹೆಸರು ಮಾಡಿತು, ಬಳಿಕ ಒಡೆಯಿತು. ಆಮೇಲೆ ರಘು ಕಟ್ಟಿದ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಬೇರೆ ಬಗೆಯದು: ಕಲಾವಿದರು ಬಂದು ಸೇರಬಹುದಾದ, ಮನಸ್ಸಾದಾಗ ಹೊರಡಬಹುದಾದ ತೆರೆದ ಮನೆ. ಅದರ ಮೊದಲ ಆಲ್ಬಂ 2008ರಲ್ಲಿ ಬಂದಿತು. 2010ರಲ್ಲಿ ಬ್ರಿಟನ್ನಿನ ಬಿಬಿಸಿ ದೂರದರ್ಶನದಲ್ಲಿ, ಜೂಲ್ಸ್ ಹಾಲಂಡ್ ನಡೆಸುತ್ತಿದ್ದ ಸಂಗೀತ ಕಾರ್ಯಕ್ರಮದಲ್ಲಿ, ಆ ತಂಡ ಹಾಡಿತು. ಒಡೆದ ತಂಡದಿಂದ ರಘು ಕಲಿತದ್ದು, ನನಗೆ ತೋರುವಂತೆ, ಮೇಳದ ಪಾಠವನ್ನೇ.

ಆ ಆಲ್ಬಮಿನಲ್ಲಿ ಶಿಶುನಾಳ ಷರೀಫರ ಪದವೂ ಇತ್ತೆಂಬುದನ್ನು ಮರೆಯಲಾಗದು. ಷರೀಫರು 1889ರಲ್ಲಿ ತೀರಿಕೊಂಡವರು. ಅವರ ಪದಗಳು ಭಜನೆಯ ಮಂದಿಯ ಬಾಯಿಂದ ಸಿ. ಅಶ್ವತ್ಥ್ ಅವರ ಕಂಠಕ್ಕೆ, ಅಲ್ಲಿಂದ ಗಿಟಾರಿಗೆ ದಾಟಿದವು. ಷರೀಫರ ಗುರು ಗೋವಿಂದಭಟ್ಟರು ಕಳಸದವರು. ಭದ್ರೆಯ ದಂಡೆಯ ನಮ್ಮ ಕಳಸವಲ್ಲ, ಧಾರವಾಡದ ಕಡೆಯ ಕಳಸ. ಆದರೂ ನಮ್ಮ ಹುಡುಗರು ಕಳಸದ ಜಾತ್ರೆಯ ಹೊತ್ತಿನಲ್ಲಿ ಷರೀಫರನ್ನು ಹಾಡಿದಾಗ ಈ ಹೆಸರಿನ ನಂಟು ನನಗೆ ಹಿತವೆನಿಸಿತ್ತು. ತಂಡಗಳು ಎಷ್ಟೋ ಚದುರಿವೆ, ಪದ ಚದುರಲಿಲ್ಲ.

ಇಷ್ಟು ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಈ ಬೆಟ್ಟಗಳ ತಂಡಗಳನ್ನು ಒಡೆಯುವುದು ಜಗಳವೊಂದೇ ಅಲ್ಲ. ಪದವಿ ಮುಗಿದೊಡನೆ ಒಬ್ಬ ಬೆಂಗಳೂರಿಗೆ, ಒಬ್ಬ ಮಂಗಳೂರಿಗೆ ಹೊರಡಲೇಬೇಕು. ಇದ್ದಷ್ಟು ದಿನ ನಾವು ಅವರಿಗೆ ಮಾಡಿದ್ದೇನು? ಸಭೆಯ ನಡುವೆ ತೆರಪು ತುಂಬಲು ಕರೆದೆವು, ಶಾಲು ಹೊದಿಸಿದೆವು, ಬಸ್ಸಿನ ಖರ್ಚನ್ನು ಮರೆತೆವು. ನನ್ನ ಪಾಲೂ ಇದರಲ್ಲಿದೆ. ಅಭ್ಯಾಸಕ್ಕೊಂದು ಕೋಣೆ ಕೊಡಿಸಿ ಎಂದು ಈ ಹುಡುಗರು ನನ್ನ ಬಳಿ ಬಂದಿದ್ದರು. “ಪರೀಕ್ಷೆ ಮುಗಿಯಲಿ, ನೋಡೋಣ” ಎಂದಿದ್ದೆ. ಪರೀಕ್ಷೆ ಮುಗಿಯಿತು, ಹುಡುಗರು ಊರು ಬಿಟ್ಟರು. ಕೋಣೆ ಇಂದಿಗೂ ಸಂಜೆ ನಾಲ್ಕರ ಮೇಲೆ ಬೀಗ ಹಾಕಿಕೊಂಡೇ ಇದೆ. ಉಪಾಧ್ಯಾಯ ಮಿತ್ರರು ನನ್ನಂತೆ ಆಗದಿರಲಿ. ಗೆಳೆತನಕ್ಕೆ ನಾವು ಆಯುಸ್ಸು ಕೊಡಲಾರೆವು, ಬೀಗದ ಕೈ ಕೊಡಬಲ್ಲೆವು.

“ನೀವು ಕಟ್ಟಿದ ಹಾಡುಗಳನ್ನು ಬರೆದಿಟ್ಟಿದ್ದೀಯಾ?” ಎಂದು ಅವನನ್ನು ಕೇಳಿದೆ. “ಇಲ್ಲ ಸಾರ್, ನಾಲ್ವರಿಗೂ ಬಾಯಿಗೆ ಬರುತ್ತಿತ್ತಲ್ಲ” ಎಂದ. ಕಾಗದ ಕೊಟ್ಟು ಕೂರಿಸಿದೆ. ಮೊದಲ ನುಡಿ ಸರಾಗವಾಗಿ ಬಂದಿತು. ಎರಡನೆಯದರ ಅರ್ಧಕ್ಕೆ ಲೇಖನಿ ನಿಂತಿತು. ಅದು ಮತ್ತೊಬ್ಬ ಕಟ್ಟಿ, ಅವನೇ ಹಾಡುತ್ತಿದ್ದ ಭಾಗವಂತೆ. ಎರಡು ವರ್ಷಗಳಿಂದ ಅವರಿಬ್ಬರಿಗೂ ಮಾತಿಲ್ಲ. ಹುಡುಗ ಬಹಳ ಹೊತ್ತು ಮಳೆಯನ್ನೇ ನೋಡುತ್ತ ಕುಳಿತಿದ್ದು, ಕೊನೆಗೆ, “ಫೋನ್ ಮಾಡಿ ಕೇಳಿಬಿಡುತ್ತೇನೆ ಸಾರ್” ಎಂದು ಎದ್ದು ಜಗಲಿಗೆ ಹೋದ.