ಸಂಸ್ಕಾರದ ಶೇಷ

ಕನ್ನಡದಲ್ಲಿ 'ಸಂಸ್ಕಾರ' ಎಂಬ ಪದ ಹೊತ್ತಷ್ಟು ಅರ್ಥಭಾರವನ್ನು ಧಾರ್ಮಿಕ ಬದುಕಿನ ಬೇರೆ ಯಾವ ಪದವೂ ಹೊತ್ತಂತಿಲ್ಲ. ಮಗುವಿಗೆ ಹೆಸರಿಡುವುದೂ ಸಂಸ್ಕಾರ, ಹೆಣ ಸುಡುವುದೂ ಸಂಸ್ಕಾರ. ಹಿರಿಯರೆದುರು ಕಾಲು ಚಾಚಿ ಕೂರದ ಹುಡುಗನನ್ನು ಸಂಸ್ಕಾರವಂತನೆಂದು ಮೆಚ್ಚುವ ನಾಲಿಗೆಯೇ ಹಾಗೆ ಕೂತವನ ಮನೆತನವನ್ನು ಸಂಸ್ಕಾರಹೀನವೆಂದು ಜರೆಯುತ್ತದೆ. ಗೌತಮ ಧರ್ಮಸೂತ್ರವು 40 ಸಂಸ್ಕಾರಗಳನ್ನು ಎಣಿಸಿ, ಅವುಗಳ ಜೊತೆಗೆ ದಯೆ, ಕ್ಷಮೆ, ಅಸೂಯೆಯಿಲ್ಲದಿರುವಿಕೆ ಮೊದಲಾದ 8 ಆತ್ಮಗುಣಗಳನ್ನು ಹೇಳಿ, ನಲವತ್ತೂ ನಡೆದಿದ್ದರೂ ಈ ಎಂಟು ಇಲ್ಲದವನಿಗೆ ಬ್ರಹ್ಮಸಾಯುಜ್ಯವಿಲ್ಲವೆಂದು ತೀರ್ಮಾನಿಸುತ್ತದೆ. ವಿಧಿಯನ್ನು ಮಾಡಿಸಿಕೊಂಡವನು ಮತ್ತು ವಿಧಿಯಿಂದ ಬದಲಾದವನು ಇಬ್ಬರೂ ಒಬ್ಬನೇ ಆಗಿರಬೇಕಿಲ್ಲ ಎಂಬ ಸಂಶಯ ಶಾಸ್ತ್ರಕಾರರಿಗೇ ಇತ್ತು ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷ್ಯವನ್ನು ಹುಡುಕುವ ಅಗತ್ಯವಿಲ್ಲ.

ವೈಶೇಷಿಕ ದರ್ಶನದಲ್ಲಿ, ಅಂದರೆ ಜಗತ್ತನ್ನು ದ್ರವ್ಯ, ಗುಣ, ಕರ್ಮ ಮೊದಲಾದ ಪದಾರ್ಥಗಳಾಗಿ ವಿಂಗಡಿಸಿ ನೋಡುವ ಚಿಂತನಾಪಂಥದಲ್ಲಿ, ಇದೇ ಪದಕ್ಕೆ ಇನ್ನೊಂದು ಬಾಳುವೆಯಿದೆ. ಅಲ್ಲಿ ಸಂಸ್ಕಾರವೆಂಬುದು 24 ಗುಣಗಳಲ್ಲಿ ಒಂದು, ಮತ್ತು ಅದು ಮೂರು ಬಗೆಯದು: ಬಿಲ್ಲನ್ನು ಬಿಟ್ಟ ಮೇಲೂ ಬಾಣವನ್ನು ಮುಂದೊಯ್ಯುವ 'ವೇಗ', ಅನುಭವ ಮುಗಿದ ಮೇಲೂ ನೆನಪಿಗೆ ಕಾರಣವಾಗಿ ಆತ್ಮದಲ್ಲಿ ಉಳಿಯುವ 'ಭಾವನೆ', ಬಗ್ಗಿಸಿದ ಕೊಂಬೆಯನ್ನು ಕೈಬಿಟ್ಟೊಡನೆ ಮೊದಲಿನ ನಿಲುವಿಗೆ ಒಯ್ಯುವ 'ಸ್ಥಿತಿಸ್ಥಾಪಕ'. ಬಾಲ್ಯದಲ್ಲಿ ಪಡೆದ ಧರ್ಮವು ಪ್ರಾಯ ಬಂದ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಇಂದಿನ ಮನಶ್ಶಾಸ್ತ್ರ 'ನಂಬಿಕೆಯ ಬದಲಾವಣೆ' ಎಂಬ ಹೆಸರಿನಲ್ಲಿ ಕೇಳುತ್ತದೆ. ಆದರೆ ಬಾಣ, ನೆನಪು, ಕೊಂಬೆ ಈ ಮೂರನ್ನು ಒಂದೇ ಹೆಸರಿನಡಿ ತಂದ ಹಳೆಯ ತಾರ್ಕಿಕರ ವಿಂಗಡಣೆ, ಬದಲಾವಣೆಗಿಂತ ಶೇಷದ ಕಡೆಗೆ, ಎಂದರೆ ಮೂಲಕ್ರಿಯೆ ನಿಂತ ಮೇಲೂ ಉಳಿಯುವುದರ ಕಡೆಗೆ, ಗಮನ ಹರಿಸುವುದರಿಂದ ಈ ನಾಡಿನ ಅನುಭವಕ್ಕೆ ಹೆಚ್ಚು ಹತ್ತಿರವಾಗಿದೆ.

ಏಕೆಂದರೆ ಇಲ್ಲಿ ಧರ್ಮ ಮಗುವಿನ ಬಳಿಗೆ ನಂಬಿಕೆಯಾಗಿ ಬರುವುದಿಲ್ಲ. ಲಿಂಗಾಯತ ಮನೆಯಲ್ಲಿ ಕಣ್ಣು ಸರಿಯಾಗಿ ತೆರೆಯದ ಕೂಸಿಗೆ ಲಿಂಗಧಾರಣೆಯಾಗುತ್ತದೆ, ಮುಸ್ಲಿಂ ಮನೆಯಲ್ಲಿ ನವಜಾತ ಶಿಶುವಿನ ಕಿವಿಯಲ್ಲಿ ಆಜಾನ್ ಉಸುರಲಾಗುತ್ತದೆ, ಕರಾವಳಿಯ ಕಥೋಲಿಕ ಮನೆಯಲ್ಲಿ ಹಸುಗೂಸಿನ ನೆತ್ತಿಗೆ ಜ್ಞಾನಸ್ನಾನದ ನೀರು ಬೀಳುತ್ತದೆ, ಬ್ರಾಹ್ಮಣ ಮನೆಯಲ್ಲಿ ಎಂಟರ ಹುಡುಗ ಅರ್ಥ ತಿಳಿಯದ ಮಂತ್ರವನ್ನು ಬಟ್ಟೆಯ ಮರೆಯಲ್ಲಿ ಕೇಳಿಸಿಕೊಳ್ಳುತ್ತಾನೆ. ಮಡಿಯುಟ್ಟ ಅಜ್ಜಿಯನ್ನು ಮುಟ್ಟಬಾರದೆಂಬುದನ್ನು ಮಗು ಕಲಿಯುವುದು ಮಡಿಯ ತತ್ತ್ವವನ್ನು ಕೇಳಿಯಲ್ಲ, ಅಜ್ಜಿ ಸರ್ರನೆ ಹಿಂದೆ ಸರಿದುದನ್ನು ಕಂಡು. ದೇಹ ಮೊದಲು ಕಲಿಯುತ್ತದೆ, ಅರ್ಥ ಬಹಳ ಹಿಂದುಳಿದು ಬರುತ್ತದೆ, ಹಲವರ ಪಾಲಿಗೆ ಬರುವುದೇ ಇಲ್ಲ. ಶೈಶವದಲ್ಲಿ ಬೇರೆಯವರು ತನ್ನ ಪರವಾಗಿ ಕೊಟ್ಟ ಮಾತನ್ನು ತಿಳಿವಳಿಕೆ ಬಂದ ಮೇಲೆ ತಾನೇ ಒಪ್ಪಿಕೊಳ್ಳುವ 'ದೃಢೀಕರಣ'ವೆಂಬ ಸಂಸ್ಕಾರವನ್ನು ಕ್ರೈಸ್ತರು ಇಟ್ಟುಕೊಂಡಿರುವುದು ಈ ಅಂತರದ ಅರಿವಿನಿಂದಲೇ; ಆದರೂ ಆ ವಯಸ್ಸಿನಲ್ಲಿ 'ಒಪ್ಪಿಗೆಯಿಲ್ಲ' ಎನ್ನಬಲ್ಲ ಮಗುವನ್ನು ಯಾವ ಊರಿನ ಇಗರ್ಜಿಯೂ ನಿರೀಕ್ಷಿಸಿದಂತಿಲ್ಲ.

ಈ ಕಾರಣಕ್ಕಾಗಿಯೇ ಅಂಕಿಸಂಖ್ಯೆಗಳು ಈ ವಿಷಯದಲ್ಲಿ ನಿಜವನ್ನು ಹೇಳಿಯೂ ದಾರಿ ತಪ್ಪಿಸುತ್ತವೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2019ರ ಕೊನೆ ಮತ್ತು 2020ರ ಆರಂಭದಲ್ಲಿ ಭಾರತದ ಸುಮಾರು 30,000 ವಯಸ್ಕರನ್ನು ಮುಖಾಮುಖಿ ಸಂದರ್ಶಿಸಿ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಬೆಳೆದ ಧರ್ಮ ಯಾವುದು, ಈಗಿನ ಧರ್ಮ ಯಾವುದು ಎಂಬ ಎರಡು ಪ್ರಶ್ನೆಗಳಿಗೆ ಶೇಕಡಾ 98ರಷ್ಟು ಮಂದಿ ಒಂದೇ ಉತ್ತರ ಕೊಟ್ಟಿದ್ದಾರೆ. ಅಮೆರಿಕದಲ್ಲಿ ಇದೇ ಬಗೆಯ ಪ್ರಶ್ನೆಗೆ ಮೂವರಲ್ಲಿ ಒಬ್ಬರ ಉತ್ತರವಾದರೂ ಬೇರೆಯಾಗಿರುತ್ತದೆ. ಇದನ್ನು ಓದಿದವರು ಭಾರತೀಯರ ಧರ್ಮ ಹುಟ್ಟಿನಿಂದ ಸಾವಿನವರೆಗೆ ಕದಲದ್ದೆಂದು ತಿಳಿದರೆ ತಪ್ಪೇನಿಲ್ಲ; ಆದರೆ ಕದಲದಿರುವುದು ಹೆಸರು ಮಾತ್ರ. ಏಕಾದಶಿಯ ಉಪವಾಸ ಬಿಟ್ಟವರು, ವರ್ಷಕ್ಕೆರಡು ಸಲ ಈದ್ಗಾಕ್ಕೆ ಮಾತ್ರ ಹೋಗುವವರು, ಲಿಂಗವನ್ನು ಕೊರಳಿನಿಂದ ಜಗಲಿಯ ಗೂಡಿಗೆ ವರ್ಗಾಯಿಸಿದವರು, ದೇವರಿಲ್ಲವೆಂದು ಖಚಿತವಾಗಿದ್ದೂ ತಾಯಿಯ ಕಣ್ಣಿಗಾಗಿ ಶ್ರಾದ್ಧಕ್ಕೆ ಕೂರುವವರು, ಎಲ್ಲರೂ ಆ 98ರೊಳಗೇ ಇದ್ದಾರೆ. ಮತಾಂತರ ಎಂಬ ಪದಕ್ಕೆ ನ್ಯಾಯಾಲಯಗಳೂ ರಾಜಕೀಯವೂ ಕೊಟ್ಟಿರುವ ಗದ್ದಲದ ಅರ್ಥದ ನಡುವೆ, ಒಂದೇ ಹೆಸರಿನೊಳಗೆ ಸದ್ದಿಲ್ಲದೆ ನಡೆಯುವ ಈ ಅಂತರಗಳಿಗೆ ಪದವೇ ದಕ್ಕಿಲ್ಲ.

ಪದ ದಕ್ಕದಿದ್ದರೂ ಕಥೆ ದಕ್ಕಿದೆ. ಬಸವಣ್ಣನವರ ಉಪನಯನದ ಪ್ರಸಂಗವನ್ನು ಕನ್ನಡ ಸಾಹಿತ್ಯ ಎರಡು ರೀತಿಯಲ್ಲಿ ಉಳಿಸಿಕೊಂಡಿರುವುದು ಇಲ್ಲಿ ನೆನೆಯತಕ್ಕದ್ದು. ಪಾಲ್ಕುರಿಕೆ ಸೋಮನಾಥನ ತೆಲುಗು ಪುರಾಣವನ್ನು ಅನುಸರಿಸಿ ಭೀಮಕವಿ 1369ರಲ್ಲಿ ಬರೆದ 'ಬಸವಪುರಾಣ'ದಲ್ಲಿ ಬಾಲಕ ಬಸವ ಜನಿವಾರವನ್ನು ಹಾಕಿಸಿಕೊಳ್ಳಲು ಒಪ್ಪುವುದೇ ಇಲ್ಲ; ತಂದೆಯೊಡನೆ ವಾದಿಸಿ ಮನೆ ಬಿಡುತ್ತಾನೆ. ಅದಕ್ಕಿಂತ ಹಿಂದಿನ ಹರಿಹರನ 'ಬಸವರಾಜದೇವರ ರಗಳೆ'ಯಲ್ಲಿ ಅವನು ಜನಿವಾರ ಹಾಕಿಸಿಕೊಂಡು ಬೆಳೆದು, ತಂದೆತಾಯಿ ತೀರಿದ ಮೇಲೆ, ಯೌವನದಲ್ಲಿ ಅದನ್ನು ಕಿತ್ತೆಸೆದು ಸಂಗಮದ ದಾರಿ ಹಿಡಿಯುತ್ತಾನೆ. ಲೋಕದಲ್ಲಿ ಹೆಚ್ಚು ಹರಡಿದ್ದು, ಶಾಲೆಯ ಪಾಠಗಳಿಗೂ ರಂಗಭೂಮಿಗೂ ಒದಗಿದ್ದು ಮೊದಲನೆಯದು, ಮತ್ತು ಅದಕ್ಕೆ ಕಾರಣವೂ ಸ್ಪಷ್ಟ: ಎಂಟರ ಹುಡುಗ ವೇದಪಂಡಿತರನ್ನು ನಿರುತ್ತರಗೊಳಿಸುವುದು ಪವಾಡಕ್ಕೆ ಸಮೀಪದ್ದು, ಅಲ್ಲಿ ಬದಲಾವಣೆ ಎಂಬುದೇ ಇಲ್ಲ, ಅವನು ಹುಟ್ಟುತ್ತಲೇ ಶಿವಭಕ್ತ. ಹರಿಹರನ ಬಸವಣ್ಣ ಹಾಗಲ್ಲ. ಅವನು ವರ್ಷಗಟ್ಟಲೆ ಆ ದಾರವನ್ನು ಮೈಮೇಲೆ ಹೊತ್ತವನು, ಅದರ ಕರ್ಮಗಳನ್ನು ಮಾಡಿ ಅವು ತನ್ನ ಭಕ್ತಿಗೆ ಸಾಲವೆಂದು ಕಂಡುಕೊಂಡವನು, ತಡೆಯುವ ಹಿರಿಯರು ಇಲ್ಲವಾದ ಮೇಲೆ ಹೊರಟವನು. ಈ ಕೊನೆಯ ವಿವರದಲ್ಲಿ ಕವಿಯ ಲೋಕಜ್ಞಾನ ಎಷ್ಟಿದೆಯೆಂಬುದನ್ನು, ತಂದೆಯ ತಿಥಿ ಮುಗಿಯುವವರೆಗೆ ಜನಿವಾರ ತೆಗೆಯದ ಇಪ್ಪತ್ತನೆಯ ಶತಮಾನದ ಎಷ್ಟೋ ವಿಚಾರವಾದಿಗಳು ಬಲ್ಲರು. ವಿದ್ವಾಂಸರು ಎರಡರಲ್ಲಿ ಯಾವುದು ಚಾರಿತ್ರಿಕವೆಂದು ಚರ್ಚಿಸಿದ್ದಾರೆ. ಮನುಷ್ಯರ ಪ್ರಾಯದ ಕಥೆಯಾಗಿ ಹರಿಹರನದೇ ಹೆಚ್ಚು ತೂಕದ್ದು.

ಆಧುನಿಕ ಕನ್ನಡದಲ್ಲಿ ಈ ವಸ್ತುವಿಗೆ 1965 ಒಂದು ವಿಶೇಷ ವರ್ಷ. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' ಮತ್ತು ಎಸ್. ಎಲ್. ಭೈರಪ್ಪನವರ 'ವಂಶವೃಕ್ಷ' ಎರಡೂ ಬಂದದ್ದು ಆ ವರ್ಷ. ಮುಂದೆ ಪರಸ್ಪರ ವಿರುದ್ಧ ದಿಕ್ಕಿನಲ್ಲಿ ನಿಂತ ಈ ಇಬ್ಬರು ಲೇಖಕರು ಅಂದು ಆರಿಸಿಕೊಂಡ ಕಥಾಬೀಜ ಮಾತ್ರ ಆಶ್ಚರ್ಯವಾಗುವಷ್ಟು ಒಂದೇ. ಶಾಸ್ತ್ರವನ್ನು ಓದಿ ಬಾಳಿದ, ಊರೇ ಗೌರವಿಸುವ ಒಬ್ಬ ಪ್ರೌಢ ಬ್ರಾಹ್ಮಣ. ತಾನು ನಿಂತ ನೆಲ ತಾನು ತಿಳಿದದ್ದಲ್ಲವೆಂದು ಅವನಿಗೆ ತಡವಾಗಿ ಗೊತ್ತಾಗುವುದು. ಆಮೇಲೆ ಅವನು ಮನೆ ಬಿಟ್ಟು ಹೊರಡುವುದು. 'ಸಂಸ್ಕಾರ'ದ ಪ್ರಾಣೇಶಾಚಾರ್ಯರನ್ನು ಹೊರಡಿಸಿದ್ದು ಕತ್ತಲಲ್ಲಿ ಚಂದ್ರಿ ಎಂಬ ಹೆಣ್ಣಿನ ಸ್ಪರ್ಶ, 'ವಂಶವೃಕ್ಷ'ದ ಶ್ರೀನಿವಾಸ ಶ್ರೋತ್ರಿಗಳನ್ನು ಹೊರಡಿಸಿದ್ದು ತಮ್ಮ ಹುಟ್ಟಿನ ಗುಟ್ಟು. ಇಬ್ಬರೂ ನಾಸ್ತಿಕರಾಗುವುದಿಲ್ಲ ಎಂಬುದನ್ನು ಗಮನಿಸಬೇಕು. ತಾವು ಪಾಲಿಸಿದ್ದು ಧರ್ಮವೋ ಅಥವಾ ಧರ್ಮದ ಅಭ್ಯಾಸವೋ ಎಂಬ ಪ್ರಶ್ನೆಗೆ ಸಿಕ್ಕಿಬೀಳುತ್ತಾರೆ, ಮತ್ತು ಅದನ್ನು ಎದುರಿಸಲು ಅವರ ಬಳಿ ಇರುವ ಭಾಷೆಯೂ ಬಾಲ್ಯದಿಂದ ಬಂದ ಅದೇ ಶಾಸ್ತ್ರದ ಭಾಷೆ. ಎರಡು ಕಾದಂಬರಿಗಳ ನಿಲುವುಗಳನ್ನು ಎದುರುಬದುರಿಟ್ಟು ಹೊಡೆದಾಡಿಸಿದ ವಿಮರ್ಶೆ ಈ ಸಾಮ್ಯವನ್ನು ಕಡೆಗಣಿಸಿದ್ದು ಕನ್ನಡಕ್ಕೆ ಆದ ನಷ್ಟವೇ ಸರಿ. ಶಿವರಾಮ ಕಾರಂತರು 1968ರ 'ಮೂಕಜ್ಜಿಯ ಕನಸುಗಳು' ಕೃತಿಯಲ್ಲಿ ಈ ಚಿತ್ರವನ್ನೇ ತಲೆಕೆಳಗು ಮಾಡಿದರು: ಅಲ್ಲಿ ದೇವರುಗಳ ವಯಸ್ಸನ್ನೂ ಮೂಲವನ್ನೂ ಅಂಜದೆ ಕೆದಕುವವಳು ಬಾಲ್ಯದಲ್ಲೇ ವಿಧವೆಯಾದ ಅಜ್ಜಿ, ಬೆರಗಾಗಿ ಕೇಳಿಸಿಕೊಳ್ಳುವವನು ಓದಿದ ಮೊಮ್ಮಗ.

ಕಾದಂಬರಿಯ ಪಾತ್ರಗಳಷ್ಟೇ ಅಲ್ಲ, ಬಾಳಿ ತೋರಿಸಿದವರೂ ಇದ್ದಾರೆ. 1900ರಲ್ಲಿ ಹುಟ್ಟಿದ ಎ. ಎನ್. ಮೂರ್ತಿರಾಯರು ಲಲಿತಪ್ರಬಂಧಗಳ ಮಂದಹಾಸಕ್ಕೆ ಹೆಸರಾದವರು. ಅವರ 'ದೇವರು' ಪ್ರಕಟವಾದದ್ದು 1991ರಲ್ಲಿ, ಸಾಮಾನ್ಯವಾಗಿ ಜನ ದೇವರ ಕಡೆ ತಿರುಗುವ ವಯಸ್ಸಿನಲ್ಲಿ, ಮತ್ತು ಅದು ದೇವರಿದ್ದಾನೆಂಬ ಒಂದೊಂದೇ ವಾದವನ್ನು ತಾಳ್ಮೆಯಿಂದ ಬಿಡಿಸಿ ಬದಿಗಿಡುವ ಪುಸ್ತಕ. ಆದರೆ ಅದರ ಧ್ವನಿಯಲ್ಲಿ ಗೆದ್ದವನ ಅಬ್ಬರವಿಲ್ಲ. ಬಾಲ್ಯದ ಭಕ್ತಿಯ ವಾತಾವರಣವನ್ನು ಬಲ್ಲವನ ಸೌಜನ್ಯವಿದೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ವೈಜ್ಞಾನಿಕ ತನಿಖೆಗೆ ಸಮಿತಿ ರಚಿಸಿದ ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಒಪ್ಪಬೇಡಿರೆಂದು ಬದುಕಿಡೀ ಸಾರುತ್ತಾ, ಮದುವೆಯಿಲ್ಲದೆ, ಖಾದಿಯುಟ್ಟು, ಹಾಸ್ಟೆಲಿನ ಕೋಣೆಯಲ್ಲಿ ಕಳೆದ ದಿನಗಳನ್ನು ನೋಡಿದರೆ ಬಾಣದ 'ವೇಗ' ನೆನಪಾಗುತ್ತದೆ: ಮಠವನ್ನು ಒಪ್ಪದವನಲ್ಲೂ ಮಠದ ಶಿಸ್ತು. ಕುವೆಂಪು ಅವರ ದಾರಿ ಬೇರೆ. ಮೈಸೂರಿನ ರಾಮಕೃಷ್ಣಾಶ್ರಮದ ಸಂಗದಲ್ಲಿ ಅಧ್ಯಾತ್ಮವನ್ನು ಗಟ್ಟಿಮಾಡಿಕೊಂಡ ಅವರು ಪುರೋಹಿತನನ್ನು ಬಿಟ್ಟರು, ಮಂತ್ರವನ್ನು ಬಿಡಲಿಲ್ಲ. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಗೆ ಅವರು ರೂಪಿಸಿದ 'ಮಂತ್ರಮಾಂಗಲ್ಯ', ವರದಕ್ಷಿಣೆ, ಮುಹೂರ್ತ, ಪೌರೋಹಿತ್ಯಗಳಿಲ್ಲದ ಸರಳ ವಿವಾಹಕ್ರಮ, ಸಂಸ್ಕಾರವೆಂಬುದನ್ನು ತೆಗೆದುಹಾಕದೆ ಅದರ ಒಡೆತನವನ್ನು ಮಾತ್ರ ಬದಲಿಸಿತು.

ಇಷ್ಟು ಹೇಳಿದ ಮೇಲೆ ಒಂದು ಮಿತಿಯನ್ನು ಮುಚ್ಚಿಡಬಾರದು. ಕಿತ್ತೆಸೆಯಲು ಜನಿವಾರ ಇದ್ದವರ ಕಥೆಯನ್ನೇ ಕನ್ನಡ ಬಹುಕಾಲ ಧರ್ಮಸಂಕಟದ ಏಕೈಕ ಕಥೆಯೆಂದು ಓದಿತು. ದೇಗುಲದ ಬಾಗಿಲ ಹೊರಗೇ ಬೆಳೆದವರಿಗೆ ತ್ಯಜಿಸುವ ಸ್ವಾತಂತ್ರ್ಯದ ಅರ್ಥವೇ ಬೇರೆ. ಕಬೀರಪಂಥದ, ಅಂದರೆ ಸಂತ ಕಬೀರನ ನಿರ್ಗುಣಭಕ್ತಿಯನ್ನು ಅನುಸರಿಸುವ, ಮನೆಯಲ್ಲಿ ರಾಮಾಯಣ ಮಹಾಭಾರತಗಳನ್ನು ಕೇಳಿ ಬೆಳೆದ ಬಿ. ಆರ್. ಅಂಬೇಡ್ಕರ್ ಅವರು ವಿದ್ಯಾರ್ಥಿಯಾಗಿದ್ದಾಗಲೇ ಕೆಳುಸ್ಕರ್ ಎಂಬ ಹಿರಿಯರಿಂದ ಬುದ್ಧಚರಿತ್ರೆಯ ಪುಸ್ತಕವನ್ನು ಉಡುಗೊರೆಯಾಗಿ ಪಡೆದಿದ್ದರು. ಹಿಂದುವಾಗಿ ಸಾಯುವುದಿಲ್ಲವೆಂದು ಯೇವಲಾದಲ್ಲಿ ಘೋಷಿಸಿದ್ದು 1935ರಲ್ಲಿ, ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧಧರ್ಮ ಸ್ವೀಕರಿಸಿದ್ದು 1956ರ ಅಕ್ಟೋಬರ್ 14ರಂದು. ನಡುವಿನ 21 ವರ್ಷಗಳು ಓದಿನವು, ಹೋಲಿಕೆಯವು, ಹಿಂಜರಿಕೆಯವಲ್ಲ. ಅಂದು ಅನುಯಾಯಿಗಳಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಹಲವು ಹಳೆಯ ಆಚರಣೆಗಳನ್ನು ಹೆಸರಿಸಿಯೇ ಬಿಡಿಸುತ್ತವೆ. ಶೇಷದ ಬಲ ಎಷ್ಟೆಂದು ಅರಿತವರು ಮಾತ್ರ ಅಷ್ಟು ವಿವರಕ್ಕೆ ಇಳಿಯುತ್ತಾರೆ. ಇತ್ತ ಕರ್ನಾಟಕದಲ್ಲಿ, 'ಹೊಲೆಮಾದಿಗರ ಹಾಡು' ಸಂಕಲನದ ಸಿಟ್ಟಿನ ಕವಿ ಸಿದ್ಧಲಿಂಗಯ್ಯನವರು ಮುಂದೆ ಸಂಶೋಧನೆಗೆ ಆರಿಸಿಕೊಂಡದ್ದು ಗ್ರಾಮದೇವತೆಗಳನ್ನು. ಬಗ್ಗಿದ ಕೊಂಬೆ ಮರಳಿತು ಎನ್ನಬಹುದೇನೋ, ಆದರೆ ಮರಳಿ ನಿಂತ ಕೊಂಬೆಗೆ ಕಣ್ಣು ಬಂದಿತ್ತು: ಭಕ್ತರೊಡನೆ ಜಗಳವಾಡುವ, ಬೈಸಿಕೊಳ್ಳುವ ಆ ದೈವಗಳನ್ನು ಅವರು ಪೂಜಿಸದೆಯೂ ಪ್ರೀತಿಯಿಂದ, ನಗೆಯಿಂದ ಕಂಡರು.

ಹೆಣ್ಣುಮಕ್ಕಳ ಬರವಣಿಗೆಯಲ್ಲಿ ಬಿಟ್ಟು ಹೋಗುವುದಕ್ಕಿಂತ ಒಳಗಿದ್ದು ಲೆಕ್ಕ ಕೇಳುವುದೇ ಹೆಚ್ಚು. 1981ರಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ತಲಾಖ್‌ಗೆ ಸಿಕ್ಕಿದ ನಾದಿರಾಳ ದುರಂತವನ್ನು ಹೇಳುವಾಗ ಧರ್ಮವನ್ನು ನಿರಾಕರಿಸುವುದಿಲ್ಲ, ಅದರ ಹೆಸರಿನಲ್ಲಿ ಆಳುವವರನ್ನು ಕಟಕಟೆಗೆ ತರುತ್ತದೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ 'ಒಮ್ಮೆ ಹೆಣ್ಣಾಗು ಪ್ರಭುವೇ' ಎಂಬ ಕಥೆಯ ಹೆಸರೇ ದೇವರನ್ನು ಸಂಬೋಧಿಸುತ್ತದೆ. ಇಲ್ಲದವನೊಡನೆ ಯಾರೂ ಹಾಗೆ ಮಾತಿಗಿಳಿಯುವುದಿಲ್ಲ. ಹೀಗೆ ಲೆಕ್ಕ ಕೇಳುವವರನ್ನು ಶ್ರದ್ಧಾವಂತರ ಸಾಲಿಗೆ ಸೇರಿಸಬೇಕೋ ಸಂಶಯವಾದಿಗಳ ಸಾಲಿಗೋ ಎಂಬ ಪ್ರಶ್ನೆಗೆ ಯಾವ ಸಮೀಕ್ಷೆಯ ನಮೂನೆಯಲ್ಲೂ ಖಾನೆಯಿಲ್ಲ.

ಪದದ ಮೊದಲ ತುದಿಯಿಂದ ಹೊರಟದ್ದು ಕೊನೆಯ ತುದಿಗೆ ಬರಲೇಬೇಕು. 'ಸಂಸ್ಕಾರ' ಕಾದಂಬರಿಯ ಒಳಬಿಕ್ಕಟ್ಟು ಒಂದು ಹೆಣದ ಸುತ್ತ ಇದೆ: ಬದುಕಿದ್ದಾಗ ಆಚಾರವನ್ನೆಲ್ಲ ಮುರಿದರೂ ಬಹಿಷ್ಕಾರಕ್ಕೊಳಗಾಗದ ನಾರಣಪ್ಪನ ಶವಕ್ಕೆ ಯಾರು ಕ್ರಿಯೆ ಮಾಡಬೇಕು? ದೂರ್ವಾಸಪುರದ ಅಗ್ರಹಾರ ಶಾಸ್ತ್ರ ಹುಡುಕುತ್ತಾ ಉಪವಾಸ ಕೂತಿದ್ದಾಗ, ಚಂದ್ರಿಯು ಮೀನಿನ ವ್ಯಾಪಾರದ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ಆ ದೇಹವನ್ನು ಸುಟ್ಟು ಮುಗಿಸುತ್ತಾಳೆ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಇದನ್ನು ಚಲನಚಿತ್ರವಾಗಿಸಿದಾಗ, ಉತ್ತರ ಸಿಗದೆ ತಳಮಳಿಸುವ ಪ್ರಾಣೇಶಾಚಾರ್ಯರ ಪಾತ್ರವನ್ನು ವಹಿಸಿದವರು, ಚಿತ್ರಕಥೆ ಬರೆದವರು ಗಿರೀಶ ಕಾರ್ನಾಡರು. 2019ರ ಜೂನ್ 10ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡ ದಿನ, ಅವರ ಇಚ್ಛೆಯಂತೆ, ಮಂತ್ರ, ಪೂಜೆ, ಸರ್ಕಾರಿ ಗೌರವ ಯಾವುದೂ ಇಲ್ಲದೆ ಕಲ್ಪಳ್ಳಿಯ ಚಿತಾಗಾರದಲ್ಲಿ ದಹನವಾಯಿತು. ಕನ್ನಡದ ರೂಢಿಯಲ್ಲಿ ಅದೂ 'ಅಂತ್ಯಸಂಸ್ಕಾರ'ವೇ.