ಪರಿಸರ ವಿಜ್ಞಾನ ಓದಿದವರಿಗೆ ಕೆಲಸ ಇದೆ, ಆದ್ರೆ ಬೋರ್ಡು ಬೇರೆ ಹೆಸರಲ್ಲಿದೆ

ಭದ್ರಾವತಿ: ಕುವೆಂಪು ವಿಶ್ವವಿದ್ಯಾಲಯ ಇರೋದು ನಮ್ಮ ತಾಲ್ಲೂಕಿನ ಶಂಕರಘಟ್ಟದಲ್ಲೇ. ಅಲ್ಲಿ ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಇದೆ, ಮನೆಯಿಂದಲೇ ಬಸ್ಸಿನಲ್ಲಿ ಓಡಾಡಿ ಓದಬಹುದು. ಓದು ಮುಗಿದ ಮೇಲೆ ಅಪ್ಪ-ಅಮ್ಮ ಕೇಳೋ ಪ್ರಶ್ನೆ ಮಾತ್ರ ಎಲ್ಲ ಮನೆಯಲ್ಲೂ ಒಂದೇ: "ಇದಕ್ಕೆ ಕೆಲಸ ಎಲ್ಲಿ ಸಿಗುತ್ತೆ?"

ಕಹಿ ವಿಷಯ ಮೊದಲೇ ಹೇಳಿಬಿಡೋಣ. ಹೆಸರಲ್ಲಿ 'ಪರಿಸರ' ಇರುವ ಸರ್ಕಾರಿ ಹುದ್ದೆಗಳು ಬಹುಪಾಲು ಈ ಪದವೀಧರರಿಗೆ ಸಿಗೋದಿಲ್ಲ. ನಗರಸಭೆಯ ಪರಿಸರ ಎಂಜಿನಿಯರ್, ಮಾಲಿನ್ಯ ನಿಯಂತ್ರಣ ಮಂಡಳಿಯ ಸಹಾಯಕ ಪರಿಸರ ಅಧಿಕಾರಿ, ಎರಡಕ್ಕೂ ಕೇಳೋದು ಎಂಜಿನಿಯರಿಂಗ್ ಪದವಿ. ಮಂಡಳಿಯ ವೈಜ್ಞಾನಿಕ ಅಧಿಕಾರಿ ಹುದ್ದೆಗೆ ಎಂ.ಎಸ್ಸಿ.ಯವರು ಅರ್ಜಿ ಹಾಕಬಹುದು. ಆದರೆ ಅಲ್ಲಿ ಕೆಮಿಸ್ಟ್ರಿ ಓದಿದವರೂ ಸಾಲಲ್ಲಿ ನಿಂತಿರ್ತಾರೆ, ಅಧಿಸೂಚನೆ ಬರೋದೂ ಅಪರೂಪಕ್ಕೆ. ಸುಪ್ರೀಂ ಕೋರ್ಟ್ ಆದೇಶದಿಂದಾಗಿ ಡಿಗ್ರಿ ಕಾಲೇಜುಗಳಲ್ಲಿ ಪರಿಸರ ಅಧ್ಯಯನ ಕಡ್ಡಾಯ ಪಾಠವೇನೋ ಆಯ್ತು. ಎಷ್ಟೋ ಕಡೆ ಅದನ್ನು ಬೇರೆ ವಿಷಯದ ಮೇಷ್ಟ್ರೇ ಪಾಠ ಮಾಡಿ ಮುಗಿಸ್ತಾರೆ.

ಹಾಗಾದ್ರೆ ಕೆಲಸ ಎಲ್ಲಿದೆ? ನಿಮ್ಮದೇ ಅಂಗಡಿ, ಮಿಲ್ಲು, ನರ್ಸಿಂಗ್ ಹೋಂನ ಫೈಲಿನಲ್ಲಿದೆ.

ರೈಸ್ ಮಿಲ್, ಕ್ರಷರ್, ಮಾಚೇನಹಳ್ಳಿ ಕಡೆಯ ಫೌಂಡ್ರಿ ನಡೆಸೋರಿಗೆ ಇದು ಹೊಸದಲ್ಲ. ಜಲ ಕಾಯ್ದೆ 1974, ವಾಯು ಕಾಯ್ದೆ 1981ರ ಅಡಿ ಮಂಡಳಿಯ ಸಮ್ಮತಿ ಪತ್ರ ಬೇಕು. ಸಮ್ಮತಿ ಪಡೆದವರು ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಪರಿಸರ ವಿವರಣಾ ಪತ್ರ ಕೊಡಬೇಕು. ಆಸ್ಪತ್ರೆ, ಕ್ಲಿನಿಕ್‌ನವರು ಜೈವಿಕ ವೈದ್ಯಕೀಯ ತ್ಯಾಜ್ಯದ ವಾರ್ಷಿಕ ವರದಿಯನ್ನು ಜೂನ್ 30ರೊಳಗೆ ಸಲ್ಲಿಸಬೇಕು. 2012ರ ಸುಪ್ರೀಂ ಕೋರ್ಟ್ ಆದೇಶದ ನಂತರ 5 ಹೆಕ್ಟೇರ್‌ಗಿಂತ ಚಿಕ್ಕ ಕಲ್ಲು ಕ್ವಾರಿಗೂ ಪರಿಸರ ಅನುಮತಿ ಬೇಕಾಯ್ತು. ಇಷ್ಟಕ್ಕೆಲ್ಲ ನೀವು ಯಾರಿಗೋ ದುಡ್ಡು ಕೊಡ್ತಾನೇ ಇದೀರಿ. ಎಷ್ಟೋ ಸಲ ಅದು ಬೆಂಗಳೂರಿನ ಕನ್ಸಲ್ಟೆನ್ಸಿ, ಇಲ್ಲವೇ ಹಳೇ ರಿಪೋರ್ಟಿನ ತಾರೀಖು ತಿದ್ದಿ ಕೊಡುವ ಏಜೆಂಟ್. ಪರಿಸರ ವಿಜ್ಞಾನ ಓದಿದ ಹುಡುಗ-ಹುಡುಗಿಯರ ಕೆಲಸ ಅಂದ್ರೆ ಇದೇ. ಹುದ್ದೆ ಹೆಸರು ಮಾತ್ರ ಇ.ಎಚ್.ಎಸ್. ಎಕ್ಸಿಕ್ಯುಟಿವ್, ಲ್ಯಾಬ್ ಅನಲಿಸ್ಟ್, ಫೀಲ್ಡ್ ಮಾನಿಟರಿಂಗ್ ಅಂತಿರುತ್ತೆ. 'ಪರಿಸರ ವಿಜ್ಞಾನಿ' ಅಂತ ಹುಡುಕಿದ್ರೆ ಇವು ಕಣ್ಣಿಗೇ ಬೀಳಲ್ಲ.

ಇದರ ಮೇಲೆ ಈಗ ಇನ್ನೊಂದು ಬದಲಾವಣೆ ಬಂದಿದೆ. ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಪರಿಸರ ಆಡಿಟ್ ನಿಯಮ ಹೊರಡಿಸಿತು. ಲೆಕ್ಕಪತ್ರಕ್ಕೆ ಸಿ.ಎ. ಇದ್ದ ಹಾಗೆ, ಪರಿಸರ ನಿಯಮ ಪಾಲನೆ ಪರಿಶೀಲಿಸಲು ನೋಂದಾಯಿತ ಆಡಿಟರ್‌ಗಳು ಬರ್ತಾರೆ. ಅದಕ್ಕೆ ಪ್ರಮಾಣಪತ್ರ ಪಡೆಯಲು ಎರಡು ದಾರಿ: ರಾಷ್ಟ್ರೀಯ ಪರೀಕ್ಷೆ ಪಾಸಾಗೋದು, ಇಲ್ಲವೇ ಹಿಂದಿನ ಅನುಭವ ತೋರಿಸೋದು. ಯಾವ ಘಟಕಕ್ಕೆ ಯಾವ ಆಡಿಟರ್ ಅನ್ನೋದನ್ನು ಮಾಲೀಕರು ಆರಿಸೋ ಹಾಗಿಲ್ಲ. ಈ ನಿಯಮ ನೆಟ್ಟಗೆ ಜಾರಿಯಾದ್ರೆ ತಾರೀಖು ತಿದ್ದುವ ಏಜೆಂಟರಿಗೆ ಕಷ್ಟ, ನಿಜವಾಗಿ ಓದಿದವರಿಗೆ ಬೆಲೆ. ಕಾಗದದಲ್ಲೇ ಉಳಿದ್ರೆ ಮತ್ತದೇ ಕಥೆ.

ಸಂಬಳದ ಮಾತು. ಶುರುವಿನಲ್ಲಿ ಕಡಿಮೆ, ಅದನ್ನು ಮುಚ್ಚಿಡೋದು ಬೇಡ. ಸ್ಯಾಂಪಲ್ ಬಾಟಲಿ ಹಿಡ್ಕೊಂಡು ಬಿಸಿಲಲ್ಲಿ ಚಿಮಣಿ ಹತ್ತೋ ಕೆಲಸಕ್ಕೆ ಅಂಗಡಿ ಸೇಲ್ಸ್‌ಮನ್‌ಗಿಂತ ಹೆಚ್ಚೇನೂ ಸಿಗದ ಉದಾಹರಣೆಗಳಿವೆ. ರಿಪೋರ್ಟು ಬರೀ ಸೀಲಿಗಾಗಿ ಅಂತ ಮಾಲೀಕರು ತಿಳ್ಕೊಂಡಿರೋವರೆಗೂ ಅದನ್ನು ಮಾಡೋರಿಗೆ ಜಾಸ್ತಿ ಕೊಡಲ್ಲ. ಈ ವಿಷಯದಲ್ಲಿ ನಮ್ಮೂರಿನ ವ್ಯಾಪಾರಸ್ಥರ ಪಾಲೂ ಇದೆ.

ಸೇರೋ ಮುಂಚೆ ಮಕ್ಕಳು ನೋಡಬೇಕಾದ್ದು: ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಇಟ್ಕೊಳ್ಳಿ, ಅರ್ಧ ಬಾಗಿಲು ಅದರಿಂದಲೇ ತೆರೆಯುತ್ತೆ. ಎಂ.ಎಸ್ಸಿ. ಪ್ರಾಜೆಕ್ಟನ್ನು ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನಲ್ಲೋ ಕಾರ್ಖಾನೆಯ ತ್ಯಾಜ್ಯನೀರು ಘಟಕದಲ್ಲೋ ಮಾಡಿ. ನಕ್ಷೆ ಮಾಡೋ ಕ್ಯೂಜಿಐಎಸ್ ತಂತ್ರಾಂಶ ಪುಕ್ಕಟೆ ಸಿಗುತ್ತೆ, ಕಲಿಯೋಕೆ ಒಂದು ಲ್ಯಾಪ್‌ಟಾಪ್ ಸಾಕು. ಕ್ವಾರಿಯ ಪರಿಸರ ವರದಿಗೆ ನಕ್ಷೆ ಬೇಕೇ ಬೇಕು.

ಮಿಲ್ಲು, ನರ್ಸಿಂಗ್ ಹೋಂ ಇರೋರಿಗೂ ಒಂದು ಮಾತು. ಮುಂದಿನ ಸೆಪ್ಟೆಂಬರ್‌ಗೆ ಏಜೆಂಟ್‌ಗೆ ಫೋನ್ ಮಾಡೋ ಮುಂಚೆ ಶಂಕರಘಟ್ಟದ ವಿಭಾಗದಲ್ಲಿ ಒಮ್ಮೆ ವಿಚಾರಿಸಿ. ಓದು ಮುಗಿಸಿ ಕೆಲಸ ಹುಡುಕ್ತಿರೋ ಯಾರಾದ್ರೂ ನಮ್ಮ ತಾಲ್ಲೂಕಿನವರೇ ಅಲ್ಲಿ ಸಿಗಬಹುದು.