ಅರೆಬರೆ ಹೆಪ್ಪಾದ ಮೊಸರು ಬೇಡ

ಕೀಲುನೋವು, ನೆಗಡಿ, ಕೆಮ್ಮು ಎಂದು ಬಂದವರಿಗೆಲ್ಲ ‘ಮೊಸರು ಪೂರ್ತಿ ಬಿಡಿ’ ಎಂದು ಒಂದೇ ಮಾತಿನಲ್ಲಿ ಹೇಳಿ ಕಳುಹಿಸುವ ರೂಢಿ ನಮ್ಮ ವೈದ್ಯಬಂಧುಗಳಲ್ಲಿ ಬೆಳೆದಿದೆ. ಇದನ್ನು ನಾವು ಒಪ್ಪುವುದಿಲ್ಲ. ಜೋಳದ ರೊಟ್ಟಿ, ಪಲ್ಯ, ಒಂದು ಬಟ್ಟಲು ಮೊಸರು ಇಷ್ಟೇ ಊಟವಾಗಿರುವ ವೃದ್ಧರಿಂದ ಆ ಬಟ್ಟಲನ್ನೂ ಕಸಿದರೆ ಅವರ ದೇಹಕ್ಕೆ ಬಲ ಎಲ್ಲಿಂದ ಬರಬೇಕು?

ಎಪ್ಪತ್ತು ದಾಟಿದ ತಾಯಿಯೊಬ್ಬರು ಒಂದು ವರ್ಷದಿಂದ ಹಾಲು, ಮೊಸರು, ಮಜ್ಜಿಗೆ ಮೂರನ್ನೂ ತ್ಯಜಿಸಿ, ಸೊರಗಿ ನಮ್ಮಲ್ಲಿಗೆ ಬಂದಿದ್ದರು. ಮೊಣಕಾಲಿನ ನೋವು ಮಾತ್ರ ಇದ್ದಂತೆಯೇ ಇತ್ತು. ವಿಚಾರಿಸಲಾಗಿ, ಮೊದಲು ಅವರು ಉಣ್ಣುತ್ತಿದ್ದುದು ಸಂಜೆ ನಾಲ್ಕಕ್ಕೆ ಹೆಪ್ಪು ಹಾಕಿ ರಾತ್ರಿ ಎಂಟಕ್ಕೆ ಬಡಿಸಿದ, ಇನ್ನೂ ಕಟ್ಟಿಕೊಳ್ಳದ ಮೊಸರು ಎಂದು ತಿಳಿಯಿತು.

ಭಾವಮಿಶ್ರನು ಮೊಸರನ್ನು ಮಂದ, ಸ್ವಾದು, ಸ್ವಾದ್ವಮ್ಲ, ಅಮ್ಲ, ಅತ್ಯಮ್ಲ ಎಂದು 5 ಬಗೆಯಾಗಿ ವಿಂಗಡಿಸಿದ್ದಾನೆ. ಹಾಲಿನ ಗುಣ ಹೋಗಿ ಮೊಸರಿನ ಗುಣ ಇನ್ನೂ ಬಾರದ ಸ್ಥಿತಿಯೇ ಮಂದ. ಸ್ರೋತಸ್ಸುಗಳಲ್ಲಿ ಜಿಗುಟು ಕಟ್ಟಿಸುವ ಪದಾರ್ಥಗಳಲ್ಲಿ ಚರಕಸಂಹಿತೆ ಮೊದಲ ಸ್ಥಾನ ಕೊಟ್ಟಿರುವುದು ಈ ಮಂದಕ್ಕೆ. ರಾತ್ರಿ ಮೊಸರು ಉಣ್ಣಬಾರದು, ಬಿಸಿ ಮಾಡಬಾರದು, ತುಪ್ಪ, ಸಕ್ಕರೆ, ಹೆಸರುಕಟ್ಟು, ಜೇನು, ನೆಲ್ಲಿಕಾಯಿ ಇವುಗಳಲ್ಲಿ ಒಂದರ ಜೊತೆಯಿಲ್ಲದೆ ಉಣ್ಣಬಾರದು ಎಂಬ ನಿಯಮಗಳೂ ಅಲ್ಲಿಯೇ ಇವೆ. ಮೊಸರನ್ನೇ ಬಿಡಿ ಎಂಬ ಮಾತು ಅಲ್ಲಿಲ್ಲ.

ಆದ್ದರಿಂದ ಹೆಪ್ಪು ಹಾಕುವ ಕೆಲಸವನ್ನು ಸದ್ಭಕ್ತರು ಅಲ್ಪವೆಂದು ತಿಳಿಯಬಾರದು. ಹಾಲು ಉಕ್ಕಿದೊಡನೆ ಇಳಿಸದೆ, ಸಣ್ಣ ಉರಿಯಲ್ಲಿ ಇನ್ನೂ ಐದಾರು ನಿಮಿಷ ಕಾಯಿಸಬೇಕು. ಹಾಗೆ ಕಾದ ಹಾಲಿನ ಸಸಾರಜನಕಗಳು ರೂಪ ಬದಲಿಸಿ ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ ಮೊಸರು ಗಟ್ಟಿಯಾಗುತ್ತದೆ, ಬೇಗ ನೀರೊಡೆಯುವುದಿಲ್ಲ. ಬಳಿಕ ತೊಳೆದ ಬೆರಳಿಗೆ ಹಿತವೆನಿಸುವಷ್ಟು, ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸುಪಿಗೆ ಇಳಿದಾಗ ಅರ್ಧ ಲೀಟರಿಗೆ ಒಂದು ಚಹಾ ಚಮಚದಷ್ಟು ಹೆಪ್ಪನ್ನು ಕಲಸಬೇಕು. ಹಾಲು ಸುಡುತ್ತಿದ್ದರೆ ಹೆಪ್ಪಿನ ಜೀವಾಣುಗಳು ಸಾಯುತ್ತವೆ. ತೀರ ಆರಿದ್ದರೆ ಮಂದವಾಗುತ್ತವೆ. ಬೇಸಿಗೆಯಲ್ಲಿ 5-6 ಗಂಟೆ, ಚಳಿಗಾಲದಲ್ಲಿ 10-12 ಗಂಟೆ ಪಾತ್ರೆಯನ್ನು ಅಲುಗಿಸದೆ ಬೆಚ್ಚಗೆ ಇಡಬೇಕು. ಹೆಪ್ಪು ಹೆಚ್ಚು ಸುರಿದು ಬೇಗ ಮುಗಿಸುವ ಜಾಣತನದಿಂದ ಹುಳಿಯೇ ಹೆಚ್ಚುತ್ತದೆ. ಪಾತ್ರೆ ಓರೆ ಮಾಡಿದರೆ ಮೊಸರು ಅಂಚಿನಿಂದ ಇಡಿಯಾಗಿ ಬಿಟ್ಟುಕೊಳ್ಳಬೇಕು, ಹರಿಯಬಾರದು. ಹರಿಯುತ್ತಿದ್ದರೆ ಇನ್ನೊಂದು ಗಂಟೆ ಕಾಯುವುದು. ಅಷ್ಟರಲ್ಲಿ ಫ್ರಿಜ್ಜಿಗೆ ಇಟ್ಟರೆ ಅದು ಅಲ್ಲಿಗೇ ನಿಲ್ಲುತ್ತದೆ.

ಪೊಟ್ಟಣದ ಮೊಸರು ವಿಷವೇನಲ್ಲ. ಆದರೆ ಅದು ಎಂದು ಕಟ್ಟಿತು, ಎಷ್ಟು ಹುಳಿಯಿತು ಎಂಬುದು ಉಣ್ಣುವವರ ಕೈಯಲ್ಲಿ ಇರುವುದಿಲ್ಲ.

ಆ ತಾಯಿಗೆ ನಾವು ಮಧ್ಯಾಹ್ನದ ಊಟದ ಕೊನೆಗೆ, ದಾಸೋಹದ ಪಂಕ್ತಿಯಲ್ಲಿ ಬಡಿಸುವಂತಹ, ಕಡೆದು ಬೆಣ್ಣೆ ತೆಗೆದ ಮಜ್ಜಿಗೆಗೆ ಹುರಿದ ಜೀರಿಗೆ, ಶುಂಠಿ ಬೆರೆಸಿ ಕುಡಿಯಲು ಹೇಳಿದೆವು. ಮಜ್ಜಿಗೆಯನ್ನು ಗ್ರಹಣಿಗೂ ಮೂಲವ್ಯಾಧಿಗೂ ಔಷಧವಾಗಿಯೇ ಚರಕನು ಹೇಳಿದ್ದಾನೆ. ಮೂರು ತಿಂಗಳಲ್ಲಿ ಅವರಿಗೆ ಹಸಿವು ಮರಳಿತು, ನಡೆಯುವ ಶಕ್ತಿ ಬಂತು. ಮೊಣಕಾಲಿನ ನೋವಿಗೆ ಬೇರೆ ಚಿಕಿತ್ಸೆ ನಡೆದಿದೆ. ಮೂತ್ರಪಿಂಡದ ತೊಂದರೆ ಇರುವವರು, ಹಾಲು ಒಗ್ಗದವರು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಮನೆಯಲ್ಲಿ ಹೆಪ್ಪು ಮುಗಿದಿದ್ದರೆ ನೆರೆಮನೆಯಿಂದ ಒಂದು ಚಮಚ ಬೇಡಿ ತರಬಹುದು. ಮೊದಲ ದಿನ ಮೊಸರು ತೆಳುವಾದೀತು. ಎರಡು ಮೂರು ಬಾರಿ ಅದರಿಂದಲೇ ಹೆಪ್ಪು ಹಾಕುತ್ತ ಹೋದರೆ ಸರಿಯಾಗುತ್ತದೆ.